ಹಪ್ಪಳದ ಬಿಸಿಲು

2020ರ ಲಾಕ್‌ಡೌನ್ ಕಾಲ. ಇವತ್ತು ಅಮ್ಮನ ಜೊತೆ ಕೂತು ಹಲಸಿನಕಾಯಿ ಹಪ್ಪಳ ಒತ್ತಿದೆ.

ತೊಳೆ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಗುದ್ದಿದ ಹಿಟ್ಟು. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವುದು. ಅಂಚು ದಪ್ಪ ಉಳಿದರೆ ಸರಿಯಾಗಿ ಒಣಗುವುದಿಲ್ಲವಂತೆ. ಇಷ್ಟು ವರ್ಷ ಡಬ್ಬಿ ತುಂಬಿ ಬರ್ತಿತ್ತು, ಹುರಿದು ತಿಂತಿದ್ದೆ ಅಷ್ಟೆ. ಈ ಬಿಸಿಲಿನ ಹೊತ್ತಿಗೆ ನಾನು ಮಂಗಳೂರಿನ ಆಫೀಸಿನ ಎ.ಸಿ.ಯಲ್ಲಿ ಇರ್ತಿದ್ದೆ.

ಮಾರ್ಚ್ 25ರ ಲಾಕ್‌ಡೌನಿನಿಂದ ಸಿಟಿ ಬಸ್ಸಿನ ಹಾರ್ನ್ ಕೇಳಿಲ್ಲ. ಯಕ್ಷಗಾನ ಮೇಳಗಳೂ ಪತ್ತನಾಜೆಗೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಮೊದಲೇ ಗೆಜ್ಜೆ ಬಿಚ್ಚಿದವು. ಆ ಕಲಾವಿದರ ಮನೆಗಳನ್ನು ನೆನೆದರೆ ನಿಜವಾಗಿ ಸಂಕಟ ಆಗ್ತದೆ.

ಆದರೂ ಅಮ್ಮನ ಕೈ ಇಷ್ಟು ಹತ್ತಿರದಿಂದ ನೋಡಲಿಕ್ಕೆ ಸಿಕ್ಕಿತಲ್ಲ, ಅದು ದೊಡ್ಡದೇ ಮಾರ್ರೆ.

ಒಣಗಿದ ಮೇಲೆ ಪಕ್ಕದ ಮನೆ ಅಕ್ಕನಿಗೂ ಒಂದು ಕಟ್ಟು ಕೊಡ್ಲಿಕ್ಕುಂಟು. ಕಾಯಿ ಅವರ ಮರದ್ದು.