ಪರ್ಸಿಯೊಳಗಿನ ಸಮುದ್ರ
ಮೊನ್ನೆ ಶಹಾಬಾದ್ ಕಡೆ ಹೋಗಿದ್ದೆ, ದಾರ್ಯಾಗ ಒಂದು ಕಲ್ಲಿನ ಖಣಿ ನೋಡ್ತಾ ನಿಂತೆ, ಖಡಕ್ ರೊಟ್ಟಿ ಒಟ್ಟಿದಂಗ ಪದರ ಮ್ಯಾಲ ಪದರ. ನಮ್ಮ ಮನ್ಯಾಗ ಹಾಸಿರೋ ಪರ್ಸಿ ಇದೇ ಅಲ್ಲಾ! ಇದು ಸುಣ್ಣದಕಲ್ಲು, ಅಂದ್ರ ಒಂದ್ ಕಾಲಕ್ಕ ಇಲ್ಲಿ ಆಳ ಇಲ್ಲದ ಸಮುದ್ರ ಇತ್ತು, ತಳದಾಗ ಸುಣ್ಣದ ಕೆಸರು ಸಾವಕಾಶ ಕುಂತು, ಮ್ಯಾಲಿನ ಭಾರಕ್ಕ ಒತ್ತಿ ಒತ್ತಿ ಕಲ್ಲಾತು, ನಡುನಡುವ ಜೇಡಿಮಣ್ಣಿನ ತೆಳು ಪದರ ಬಂದಿದ್ದಕ್ಕ ಉಳಿ ಇಟ್ಟು ಹೊಡದ್ರ ಹಲಗಿ ಹಲಗಿಯಾಗಿ ಸೀಳ್ತದ.

ತಮ್ಮ ಕೇಳ್ದ, ಡೈನೋಸಾರ್ ಎಲುಬು ಸಿಗ್ತಾವೇನು ಅಂತ. ಎಲ್ಲಿಂದ ಸಿಗ್ಬೇಕೋ ಮಾರಾಯ, ಈ ಕಲ್ಲು 54 ಕೋಟಿ ವರ್ಷಕ್ಕಿಂತ ಹಳೇದು, ಆಗ ಎಲುಬಿರೋ ಪ್ರಾಣಿನೇ ಇರ್ಲಿಲ್ಲ! ಪಳೆಯುಳಿಕೆ ಬೇಕಂದ್ರ ಗುರುಮಠಕಲ್ ಕಡೆ ಹೋಗ್ಬೇಕು, ಅಲ್ಲಿ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಪದರಗಳ ನಡುವ ಹಳೇ ಕೆರಿ ಹೂಳಿನಾಗ ಸಿಹಿನೀರಿನ ಬಸವನಹುಳ ಕಲ್ಲಾಗಿ ಕುಂತಾವ.