ಮಳೆ ಲೆಕ್ಕದ ಪುಸ್ತಕದಲ್ಲಿ ಬೆನ್ನಿನ ಲೆಕ್ಕ

ನಮ್ಮ ಮನೆಯಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ಅಪ್ಪನ ಕಾಲದಿಂದಲೂ ಇದೆ. ಬೆಳಗ್ಗೆ ಎಂಟು ಗಂಟೆಗೆ ಅಂಗಳದ ತುದಿಯ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ರಟ್ಟಿನ ಹೊದಿಕೆಯ ಒಂದು ಪುಸ್ತಕದಲ್ಲಿ ತಾರೀಖಿನ ಮುಂದೆ ಬರೆಯುತ್ತೇವೆ. ಅಪ್ಪ ಇಂಚು ಸೆಂಟುಗಳಲ್ಲಿ ಬರೆಯುತ್ತಿದ್ದರು, ನಾನು ಮಿಲಿಮೀಟರಿಗೆ ಬದಲಾಯಿಸಿಕೊಂಡೆ. 2022ರ ಜುಲೈ ಮೂರನೆಯ ವಾರದಿಂದ ಆ ಪುಸ್ತಕದ ಅಕ್ಷರ ಬದಲಾಗುತ್ತದೆ. ಅಲ್ಲಿಂದ ಮೂರೂವರೆ ತಿಂಗಳು ಇರುವುದು ನನ್ನ ಹೆಂಡತಿಯ ಬರಹ. ನಾನು ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ ದಿನಗಳಲ್ಲಿಯೂ ಆಕೆ ಒಂದು ದಿನವೂ ಮಳೆ ಅಳೆಯುವುದನ್ನು ತಪ್ಪಿಸಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೊ ದ್ರಾವಣ ಹೊಡೆಯಬೇಕಾದ ಸಮಯ ಅದು. ಎಡೆಬಿಡದೆ ಸುರಿಯುತ್ತಿದ್ದ ಮಳೆ ಎರಡು ದಿನ ಹೊಳವಾದಾಗ ಊರಿನ ಎಲ್ಲ ತೋಟಗಳಿಗೂ ಔಷಧಿ ಹೊಡೆಯುವವರು ಒಮ್ಮೆಗೇ ಬೇಕಾಗುತ್ತಾರೆ. ನಮ್ಮ ಪಾಳಿ ಬರುವವರೆಗೆ ಬಿಸಿಲು ನಿಲ್ಲುವುದಿಲ್ಲವೆಂಬ ಆತಂಕದಲ್ಲಿ, ಚಿಕ್ಕಂದಿನಲ್ಲಿ ಮರ ಹತ್ತಿ ಅಭ್ಯಾಸವಿದ್ದ ನಾನು ನಲವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಹತ್ತಿದೆ. ಪಾಚಿ ಕಟ್ಟಿದ್ದ ಮರ ಸುಮಾರು ಹದಿನೆಂಟು ಅಡಿ ಎತ್ತರದಲ್ಲಿ ಜಾರಿತು. ಬಿದ್ದದ್ದು ಕುಂಡೆಯೂರಿ, ಬಸಿಗಾಲುವೆಯ ಅಂಚಿಗೆ. ಎಚ್ಚರ ತಪ್ಪಲಿಲ್ಲ. ಆದರೆ ಸೊಂಟದಿಂದ ಕೆಳಗೆ ಕಾಲುಗಳು ಎಲ್ಲಿವೆ ಎಂಬುದು ಸ್ವಲ್ಪ ಹೊತ್ತು ತಿಳಿಯಲಿಲ್ಲ.

ಆಮೇಲೆ ನಡೆದದ್ದನ್ನು ತೋಟದ ಕೆಲಸ ಮಾಡುವ ಎಲ್ಲರೂ ತಿಳಿದಿರಬೇಕೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಓಡಿ ಬಂದವರು ನನ್ನನ್ನು ಕಂಬಳಿಯಲ್ಲಿ ಜೋಲಿ ಹಾಕಿ ಎತ್ತಲು ಹೊರಟಿದ್ದರು. ಪಕ್ಕದ ತೋಟದ ಹಿರಿಯರೊಬ್ಬರು ಅದನ್ನು ತಡೆದು, ಪಂಪ್‌ ಮನೆಯ ಬಾಗಿಲನ್ನು ಕಳಚಿ ತರಿಸಿದರು. ಒಬ್ಬರು ತಲೆಯನ್ನು ಅಲುಗಾಡದಂತೆ ಹಿಡಿದು, ಮೂವರು ಭುಜ, ಸೊಂಟ, ಕಾಲುಗಳನ್ನು ಹಿಡಿದು, ಮರದ ದಿಮ್ಮಿಯನ್ನು ಹೊರಳಿಸುವಂತೆ ಇಡೀ ಮೈಯನ್ನು ಒಂದೇ ಸಲಕ್ಕೆ ಮಗ್ಗುಲಾಗಿಸಿ ಹಲಗೆಯನ್ನು ಕೆಳಗೆ ಸರಿಸಿದರು. ಜೋಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಆಗ ಮುರಿದ ಮೂಳೆಯ ಚೂರು ನರದ ಕಡೆಗೆ ಇನ್ನಷ್ಟು ಸರಿಯಬಹುದು. ನಾನು ಇಂದು ನಡೆಯುತ್ತಿರುವುದರಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರ ಪಾಲು ಎಷ್ಟಿದೆಯೋ ಆ ಬಾಗಿಲಿನ ಪಾಲೂ ಅಷ್ಟೇ ಇದೆ ಎಂದು ನನಗೆ ಅನ್ನಿಸುತ್ತದೆ.

ತೀರ್ಥಹಳ್ಳಿಯಲ್ಲಿ ಪ್ರಥಮ ಚಿಕಿತ್ಸೆಯಾದ ಮೇಲೆ ಆಂಬುಲೆನ್ಸ್ ಆಗುಂಬೆ ಘಾಟಿ ಇಳಿದು ಮಣಿಪಾಲದ ಕಡೆಗೆ ಹೊರಟಿತು. ಆ ಘಾಟಿಯ ಹದಿನಾಲ್ಕು ತಿರುವುಗಳನ್ನು ನಾನು ನೂರಾರು ಸಲ ದಾಟಿದ್ದೇನೆ, ಆದರೆ ಒಂದೊಂದನ್ನೂ ಎಣಿಸಿದ್ದು ಅಂದು ಮಾತ್ರ. ಆಸ್ಪತ್ರೆಯಲ್ಲಿ ಯುವ ವೈದ್ಯೆಯೊಬ್ಬರು ಹತ್ತಿಯ ಎಳೆಯಿಂದಲೂ ಸೂಜಿಯ ಮೊನೆಯಿಂದಲೂ ನನ್ನ ಪಾದ, ಮೊಣಕಾಲು, ತೊಡೆಗಳನ್ನು ಮುಟ್ಟುತ್ತಾ ಪ್ರತಿ ಸಲವೂ "ಗೊತ್ತಾಗ್ತದಾ?" ಎಂದು ಕೇಳುತ್ತಿದ್ದರು. ಬಲಗಾಲಿನಲ್ಲಿ ಗೊತ್ತಾಗುತ್ತಿತ್ತು. ಎಡಪಾದದ ಮೇಲೆ ಗೊತ್ತಾಗುತ್ತಿರಲಿಲ್ಲ. ಆ ಒಂದು ಪ್ರಶ್ನೆಗೆ ಹೌದೆನ್ನಲು ಮನುಷ್ಯನೊಬ್ಬ ಎಷ್ಟು ಹಂಬಲಿಸಬಹುದೆಂಬುದು ನನಗೆ ಆವರೆಗೆ ತಿಳಿದಿರಲಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಎಲ್ ಒನ್, ಅಂದರೆ ಸೊಂಟದ ಐದು ಮೂಳೆಗಳಲ್ಲಿ ಮೇಲಿನದು, ಒಡೆದು ಹೋಗಿರುವುದು. ಎತ್ತರದಿಂದ ಬಿದ್ದವರಲ್ಲಿ ಆ ಜಾಗದ ಮೂಳೆಗೇ ಹೆಚ್ಚಾಗಿ ಪೆಟ್ಟಾಗುವುದಕ್ಕೆ ಕಾರಣವಿದೆ. ಎದೆಭಾಗದ ಹನ್ನೆರಡು ಮೂಳೆಗಳು ಪಕ್ಕೆಲುಬಿನ ಗೂಡಿಗೆ ಸೇರಿಕೊಂಡು ಬಿಗಿಯಾಗಿರುತ್ತವೆ, ಸೊಂಟದ ಮೂಳೆಗಳು ಸಡಿಲವಾಗಿ ಬಾಗುತ್ತವೆ, ಈ ಬಿಗಿ ಮತ್ತು ಸಡಿಲ ಕೂಡುವ ಸಂದಿಯಲ್ಲಿ ಬಿದ್ದ ಭಾರವೆಲ್ಲ ಬಂದು ನಿಲ್ಲುತ್ತದೆ. ಬೆನ್ನುಹುರಿಯೂ ವಯಸ್ಕರಲ್ಲಿ ಸುಮಾರಾಗಿ ಅಲ್ಲಿಯೇ, ಸೊಂಟದ ಮೊದಲ ಮತ್ತು ಎರಡನೆಯ ಮೂಳೆಗಳ ಹತ್ತಿರ, ಮುಗಿಯುತ್ತದೆ. ಅದರಿಂದ ಕೆಳಗೆ ಕುದುರೆಯ ಬಾಲದಂತೆ ನರಗಳ ಗೊಂಚಲು ಇಳಿಯುತ್ತದೆ. ಈ ನರಗಳು ಬೆನ್ನುಹುರಿಗಿಂತ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂದು ವೈದ್ಯರು ಹೇಳಿದ ಮಾತನ್ನು ಹಿಡಿದುಕೊಂಡು ನಾನು ಶಸ್ತ್ರಚಿಕಿತ್ಸೆಗೆ ಒಪ್ಪಿದೆ. ಒಡೆದ ಮೂಳೆಯ ಮೇಲೆ ಕೆಳಗೆ ಸ್ಕ್ರೂ ಹಾಕಿ, ಎರಡು ಟೈಟಾನಿಯಂ ರಾಡ್‌ಗಳಿಂದ ಬಿಗಿದರು.

ಆಸ್ಪತ್ರೆಯ ದಿನಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು, ಇಲ್ಲದಿದ್ದರೆ ಸ್ಪರ್ಶ ಕಡಿಮೆಯಾದ ಚರ್ಮದಲ್ಲಿ ಒತ್ತುಹುಣ್ಣು ಏಳುತ್ತದೆ. ಮೂತ್ರಕ್ಕೆ ನಳಿಕೆ ಹಾಕಿದ್ದರು. ಅದನ್ನು ತೆಗೆದ ದಿನ ಸ್ವಂತವಾಗಿ ಮೂತ್ರ ಹೋದದ್ದೇ ಆ ತಿಂಗಳ ದೊಡ್ಡ ಸುದ್ದಿಯಾಗಿ ಊರಿಗೆಲ್ಲ ಫೋನಿನಲ್ಲಿ ಹೋಯಿತು. ಅಲ್ಲಿನ ಫಿಸಿಯೋಥೆರಪಿಸ್ಟ್ ಒಬ್ಬರು ನನ್ನ ಎಡಪಾದವನ್ನು ಎತ್ತಿಸುತ್ತಾ ಡಾಕ್ಟರ್ ಮೇರಿ ವರ್ಗೀಸರ ಕಥೆಯನ್ನು ಹೇಳಿದ್ದರು. 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಶಕ್ತಿ ಕಳೆದುಕೊಂಡ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆ ಮಾಡಿ, ಮುಂದೆ ವೆಲ್ಲೂರಿನಲ್ಲಿ ಅಂಗವಿಕಲರ ಪುನಶ್ಚೇತನ ಚಿಕಿತ್ಸೆಯನ್ನು ಕಟ್ಟಿದವರು. ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಲು ಬಾರದೆ ಹೋದರೂ ಏನಾದರೊಂದು ಮಾಡಬಹುದು ಎಂಬ ಯೋಚನೆ ಮೊದಲ ಬಾರಿಗೆ ಬಂದದ್ದು ಆಗ.

ಮನೆಗೆ ಬಂದಾಗ ಎದೆಯಿಂದ ಸೊಂಟದವರೆಗೆ ಗಟ್ಟಿ ಬೆಲ್ಟ್ ಇತ್ತು. ಮಲಗಿದಲ್ಲಿಂದ ಏಳುವಾಗ ನೇರವಾಗಿ ಏಳದೆ, ಮೊದಲು ಇಡೀ ಮೈಯನ್ನು ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಾ ಕೈಯೂರಿ ಏಳಬೇಕು. ಈ ಕ್ರಮವನ್ನು ನಾನು ಇಂದಿಗೂ ಬಿಟ್ಟಿಲ್ಲ. ಕುಕ್ಕರಗಾಲಿನ ಪಾಯಖಾನೆಯಲ್ಲಿ ಕೂರುವಂತಿರಲಿಲ್ಲವಾದ್ದರಿಂದ ಕಮೋಡ್ ಹಾಕಿಸಿದೆವು. ನೆಲದ ಪಂಕ್ತಿಯಲ್ಲಿ ಕೂರಲಾಗದೆ ಮದುವೆ ಮನೆಗಳಲ್ಲಿ ಟೇಬಲ್ಲಿಗೆ ಹೋದೆ. ಎಲ್ಲಕ್ಕಿಂತ ಕಷ್ಟವಾದದ್ದು ಹೊಗೆಸೊಪ್ಪು ಬಿಡುವುದು. ನಿಕೋಟಿನ್ ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಅಡಿಕೆ ಬೆಳೆಯುವ ಮನೆಯಲ್ಲಿ, ಊಟವಾದ ಮೇಲೆ ಕವಳದ ತಟ್ಟೆ ತಾನಾಗಿ ಎದುರಿಗೆ ಬರುವಲ್ಲಿ, ಇಪ್ಪತ್ತೈದು ವರ್ಷದ ಚಟವನ್ನು ಬಿಟ್ಟೆ.

ಮೂರು ತಿಂಗಳ ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು. ಎಡಪಾದ ಮುಕ್ಕಾಲು ಭಾಗ ಬಂದಿತ್ತು. ಬೆಲ್ಟ್ ಬಿಚ್ಚಿದರು. ಇಷ್ಟಾದರೂ ನೋವು ಹೋಗಲಿಲ್ಲ, ಮತ್ತು ನಿಜವಾಗಿ ನಾನು ಕುಸಿದದ್ದು ಆಗ. ಮೂಳೆ ಮುರಿದಿದ್ದಾಗಿನ ನೋವಿಗೆ ಅರ್ಥವಿತ್ತು. ಎಲ್ಲ ಸರಿಯಾಗಿದೆ ಎಂದ ಮೇಲೂ ಸೊಂಟದಲ್ಲಿ ಕಬ್ಬಿಣ ಕಾಯಿಸಿ ಇಟ್ಟಂತೆ, ಎಡಗಾಲಿನುದ್ದಕ್ಕೂ ವಿದ್ಯುತ್ ಹರಿದಂತೆ ಆಗುವುದು ಏಕೆ ಎಂದು ತಿಳಿಯದೆ, ಒಳಗೆ ಸ್ಕ್ರೂ ಸಡಿಲವಾಗಿದೆ ಎಂದೇ ನಂಬಿಕೊಂಡು ಮತ್ತೆ ಹಾಸಿಗೆ ಹಿಡಿದೆ. ಬಗ್ಗುವುದಕ್ಕೆ ಭಯ, ಕೆಮ್ಮುವುದಕ್ಕೆ ಭಯ, ಮೆಟ್ಟಿಲಿಗೆ ಭಯ. ಮಾತು ಕಡಿಮೆಯಾಯಿತು, ಮಗಳು ಹತ್ತಿರ ಬಂದರೂ ಸಿಡುಕುತ್ತಿದ್ದೆ.

ಮರುತಪಾಸಣೆಯಲ್ಲಿ ನಮ್ಮ ವೈದ್ಯರು ಸ್ಕ್ಯಾನ್‌ ಚಿತ್ರವನ್ನು ಬೆಳಕಿಗೆ ಹಿಡಿದು, ಒಂದೊಂದೇ ಸ್ಕ್ರೂ ತೋರಿಸಿ, "ಮೂಳೆ ಕೂಡಿದೆ. ಇನ್ನು ನೋವಾದ ಕೂಡಲೇ ಒಳಗೆ ಏನೋ ಮುರಿಯಿತು ಎಂದು ತಿಳಿಯಬೇಡಿ" ಎಂದರು. ಮೂರು ತಿಂಗಳು ಮೀರಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎಂದು ಬೇರೆಯಾಗಿಯೇ ನೋಡುತ್ತದೆ. ಗಾಯ ಮಾಗಿದರೂ ನರವ್ಯೂಹ ಎಚ್ಚರದ ಸ್ಥಿತಿಯಿಂದ ಕೆಳಗಿಳಿದಿರುವುದಿಲ್ಲ, ಸಣ್ಣ ಎಳೆತವನ್ನೂ ಅದು ಅಪಾಯವೆಂದು ಸಾರುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿ ನೋವನ್ನು ದೇಹದ ಮತ್ತು ಭಾವದ ಅನುಭವ ಎಂದೇ ಹೇಳಿದೆ, ಅದಕ್ಕೆ ಅಂಗಾಂಶದ ಹಾನಿ ಇರಲೇಬೇಕೆಂದಿಲ್ಲ. ನೋವು ಸುಳ್ಳೆಂದು ಇದರ ಅರ್ಥವಲ್ಲ. ಸುಳ್ಳೆಂದು ಹೇಳುವವರು ನನಗೂ ಸಿಕ್ಕಿದ್ದಾರೆ, ಆ ಮಾತು ಪೆಟ್ಟಿಗಿಂತ ಹೆಚ್ಚು ನೋಯಿಸುತ್ತದೆ. ನೋವು ನಿಜ, ಅದು ಹೇಳುತ್ತಿರುವ ಸುದ್ದಿ ಮಾತ್ರ ಪ್ರತಿ ಸಲವೂ ನಿಜವಲ್ಲ.

ಆ ನವೆಂಬರಿನಲ್ಲಿ ಮಳೆ ಪುಸ್ತಕ ಮತ್ತೆ ನನ್ನ ಕೈಗೆ ಬಂತು. ಮಳೆ ನಿಂತಿದ್ದರಿಂದ ಬರೆಯುವುದಕ್ಕೆ ಏನೂ ಇರಲಿಲ್ಲ, ಹಾಗಾಗಿ ಖಾಲಿ ಅಂಕಣಗಳಲ್ಲಿ ಅಂದು ನಡೆದ ನಿಮಿಷ, ಮಾಡಿದ ಕೆಲಸ, ಸಂಜೆಯ ನೋವು ಹತ್ತಕ್ಕೆ ಎಷ್ಟು ಎಂದು ಬರೆಯತೊಡಗಿದೆ. ಮೊದಲ ದಿನದ ನಡಿಗೆ ಆರು ನಿಮಿಷ. ಎರಡು ತಿಂಗಳ ಪುಟಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ನೋವು ಕಡಿಮೆಯಿದ್ದ ದಿನ ನಾನು ಬಾಕಿ ಕೆಲಸವನ್ನೆಲ್ಲ ಮಾಡಲು ಹೊರಡುತ್ತಿದ್ದೆ. ಅಡಿಕೆ ಹರವುವುದು, ಲೆಕ್ಕಕ್ಕೆಂದು ಮೂರು ಗಂಟೆ ಕೂರುವುದು, ಪೇಟೆಗೆ ಬೈಕಿನಲ್ಲಿ ಹೋಗಿ ಬರುವುದು. ಮರುದಿನ ಏಳು, ಅದರ ಮರುದಿನ ಎಂಟು. ಆಮೇಲೆ ಮೂರು ದಿನ ಹಾಸಿಗೆ. ಹಾಸಿಗೆಯಲ್ಲಿ ಸ್ನಾಯುಗಳು ಸೊರಗುತ್ತಿದ್ದವು, ಮುಂದಿನ ಒಳ್ಳೆಯ ದಿನಕ್ಕೆ ಶಕ್ತಿ ಇನ್ನಷ್ಟು ಕಡಿಮೆಯಾಗುತ್ತಿತ್ತು. ನೋವು ಆಳಿದಂತೆ ನಾನು ಕುಣಿಯುತ್ತಿದ್ದೆ.

ಇದನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿದಾಗ, ಕೆಲಸವನ್ನು ನೋವಿನ ಮೇಲೆ ನಿಲ್ಲಿಸದೆ ಗಡಿಯಾರದ ಮೇಲೆ ನಿಲ್ಲಿಸುವಂತೆ ಅವರು ಹೇಳಿದರು. ಒಳ್ಳೆಯ ದಿನವಾದರೂ ಗೊತ್ತುಪಡಿಸಿದ ಹತ್ತು ನಿಮಿಷವೇ, ಕೆಟ್ಟ ದಿನವಾದರೂ ಸಾಧ್ಯವಾದಷ್ಟು ಹತ್ತು ನಿಮಿಷವೇ. ಮೂರು ದಿನಕ್ಕೊಮ್ಮೆ ಒಂದು ನಿಮಿಷ ಏರಿಕೆ. ಒಳ್ಳೆಯ ದಿನ ಕೆಲಸ ನಿಲ್ಲಿಸುವುದು ಎಷ್ಟು ಕಷ್ಟವೆಂದು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಏಪ್ರಿಲ್ ಹೊತ್ತಿಗೆ ನಾನು ಒಂದೇ ಬಾರಿಗೆ ಮೂವತ್ತೈದು ನಿಮಿಷ ನಡೆಯುತ್ತಿದ್ದೆ, ಎಂಟು ಎಂಬ ಅಂಕಿ ಪುಟಗಳಿಂದ ಬಹುತೇಕ ಮಾಯವಾಗಿತ್ತು.

ಮಳೆಗಾಲದಲ್ಲಿ ಹಳೆಯ ಪೆಟ್ಟು ಏಳುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಮುಂದಿನ ಮಳೆಗಾಲ ಬಂದಾಗ ಎರಡೂ ಲೆಕ್ಕ ಒಂದೇ ಪುಟದಲ್ಲಿದ್ದವು. ನೂರು ಮಿಲಿಮೀಟರ್ ದಾಟಿ ಸುರಿದ ದಿನಗಳಲ್ಲಿ ನೋವು ಮೂರೋ ನಾಲ್ಕೋ ಇದ್ದದ್ದೇ ಹೆಚ್ಚು, ಆವರೆಗಿನ ಅತಿ ಕೆಟ್ಟ ವಾರ ಬಂದದ್ದು ಒಣ ಫೆಬ್ರವರಿಯಲ್ಲಿ, ಯೂರಿಯಾ ಚೀಲವೊಂದರ ತುದಿ ಹಿಡಿದು ಎಳೆದ ಮರುದಿನ. ಆದರೂ ಅಮ್ಮನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಮಳೆ ಹಿಡಿದು ಐದಾರು ದಿನ ಹೊರಗೆ ಕಾಲಿಡಲಾಗದೆ ನಡಿಗೆ ತಪ್ಪಿದ ವಾರಗಳಲ್ಲಿ ಬೆನ್ನು ಬಿಗಿದುಕೊಳ್ಳುತ್ತಿತ್ತು. ಅಂದಿನಿಂದ ಮಳೆಗಾಲದಲ್ಲಿ ಅಡಿಕೆ ಅಟ್ಟದ ಕೆಳಗಿನ ಮೂವತ್ತು ಹೆಜ್ಜೆಯ ಜಾಗದಲ್ಲಿಯೇ ಹೋಗಿ ಬಂದು ಮಾಡುತ್ತೇನೆ.

ಔಷಧಿಗಳ ವಿಷಯದಲ್ಲಿ ನಾನು ಕಲಿತದ್ದು ಎಚ್ಚರಿಕೆಯನ್ನು. ಕಾಲಿನ ವಿದ್ಯುತ್ತಿನಂಥ ನೋವಿಗೆ ಪ್ರೀಗ್ಯಾಬಲಿನ್ ಕೊಟ್ಟಿದ್ದರು. ಅದು ಕೆಲಸ ಮಾಡಿತು, ಜೊತೆಗೆ ತಲೆ ತಿರುಗಿತು, ಹಗಲೆಲ್ಲ ಮಂಪರು. ಸುಧಾರಿಸಿತೆಂದು ಒಂದು ದಿನ ತಾನಾಗಿ ನಿಲ್ಲಿಸುವ ಔಷಧಿ ಅದಲ್ಲ, ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ ಹೊಟ್ಟೆಯ ಹುಣ್ಣನ್ನೂ ಮೂತ್ರಪಿಂಡದ ತೊಂದರೆಯನ್ನೂ ತಂದುಕೊಂಡವರನ್ನು ನಮ್ಮ ಊರಿನಲ್ಲಿಯೇ ಕಂಡಿದ್ದೇನೆ. ಬಿಸಿ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದರೆ ಹಾಯೆನಿಸುವುದು ಭ್ರಮೆಯಲ್ಲ. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿಯೇ, ಸ್ಪರ್ಶದ ಸಂದೇಶವು ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಬಾಗಿಲು ಹಾಕಬಲ್ಲದೆಂದು ವಿವರಿಸಿದ್ದರು. ಆದರೆ ರಾಡ್ ಹಾಕಿದ ಬೆನ್ನನ್ನು ಎಳೆದು, ತಿರುಚಿ, ಮೇಲೆ ನಿಂತು ಸರಿಮಾಡುತ್ತೇನೆ ಎನ್ನುವವರ ಕೈಗೆ ಕೊಡಬಾರದು. ಅಂಥವರಲ್ಲಿಗೆ ಕರೆದೊಯ್ಯಲು ಪ್ರೀತಿಯಿಂದಲೇ ಬಂದ ನೆಂಟರಿಗೆ ನಾನು ಇಲ್ಲವೆಂದೆ.

ಎಲ್ಲ ನೋವನ್ನೂ ತಾಳಿಕೊಂಡು ನಡೆಯಬೇಕೆಂದು ನಾನು ಹೇಳುತ್ತಿಲ್ಲ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕುಳಿತಾಗ ನೆಲಕ್ಕೆ ತಾಗುವ ಭಾಗ ಮರಗಟ್ಟಿದರೆ, ಕಾಲಿನ ಬಲ ಹೊಸದಾಗಿ ಕುಂದಿದರೆ, ನೋವಿನ ಜೊತೆ ಜ್ವರ ಬಂದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಈ ನಾಲ್ಕನ್ನು ಹೆಂಡತಿ ಮಳೆ ಪುಸ್ತಕದ ಹೊದಿಕೆಯ ಒಳಬದಿಯಲ್ಲಿ ಬರೆದು ಅಂಟಿಸಿದ್ದಾಳೆ. ಅವು ಅಲ್ಲಿರುವುದರಿಂದಲೇ ಉಳಿದ ನೋವಿಗೆ ಹೆದರದೆ ಇರಲು ನನಗೆ ಸಾಧ್ಯವಾಗಿದೆ.

ನಾನು ಮತ್ತೆ ಮರ ಹತ್ತಿಲ್ಲ, ಹತ್ತುವುದೂ ಇಲ್ಲ. ಈಗ ನಮ್ಮ ತೋಟಕ್ಕೆ ನೆಲದ ಮೇಲೆ ನಿಂತು ಉದ್ದನೆಯ ಫೈಬರ್ ದೋಟಿಯಿಂದ ಔಷಧಿ ಹೊಡೆಯುವ ತಂಡ ಬರುತ್ತದೆ. ಡ್ರಮ್ಮಿನ ಹತ್ತಿರ ನಿಂತು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ದ್ರಾವಣ ಕೂಡಿಸುವುದು ನನ್ನ ಕೆಲಸ. ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತೇನೆ. ನಲವತ್ತು ನಿಮಿಷಕ್ಕೆ ಮೊಬೈಲು ಕೂಗುತ್ತದೆ, ಮಗಳು ಬಂದು ಕೋಲು ಇಸಿದುಕೊಳ್ಳುತ್ತಾಳೆ, ನಾನು ಪಂಪ್‌ ಮನೆಯ ಜಗಲಿಯಲ್ಲಿ ಹದಿನೈದು ನಿಮಿಷ ಮೊಣಕಾಲು ಮಡಚಿ ಅಂಗಾತ ಮಲಗುತ್ತೇನೆ. ತಲೆಯ ಹತ್ತಿರವೇ ಆ ಬಾಗಿಲು ಮತ್ತೆ ತನ್ನ ಕೀಲುಗಳ ಮೇಲೆ ನಿಂತಿದೆ. ಈ ವರ್ಷದ ಎರಡನೆಯ ಔಷಧಿ ಮುಗಿದ ದಿನದ ಪುಟದಲ್ಲಿ ಹೀಗಿದೆ: ಮಳೆ 11 ಮಿ.ಮೀ., ನಡಿಗೆ 45 ನಿಮಿಷ, ಔಷಧಿ ಆರು ಡ್ರಮ್, ನೋವು 3.