ಅದೇ ದಿನ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ

ದೇವನಹಳ್ಳಿಯಿಂದ ವಿಮಾನ ಎದ್ದಿದ್ದು ಮಧ್ಯಾಹ್ನ ಎರಡೂವರೆ ಹೊತ್ತಿಗೆ. ಎಲ್ಲೂ ಇಳಿಯದೆ ನೇರ ಸ್ಯಾನ್ ಫ್ರಾನ್ಸಿಸ್ಕೋ. ನಕ್ಷೆಯ ಲೆಕ್ಕದಲ್ಲಿ ಸುಮಾರು 14,000 ಕಿ.ಮೀ., ಅಂದರೆ ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ.

ಪಕ್ಕದ ಸೀಟಿನಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದ ಅಮ್ಮ ಒಬ್ಬರು. ಆ ವಿಮಾನದಲ್ಲಿ ಇಂಥವರೇ ಬಹಳ ಇದ್ದರು. ಚಟ್ನಿಪುಡಿ, ಮೆಂತ್ಯದ ಹಿಟ್ಟು ಎಲ್ಲ ಕಟ್ಟಿಕೊಂಡಿದ್ದರಂತೆ, ಕರಿಬೇವು ಮಾತ್ರ ಇಲ್ಲ. ಹಸಿ ಕರಿಬೇವನ್ನು ಅಮೆರಿಕದ ಕಸ್ಟಮ್ಸ್‌ನವರು ಒಳಗೆ ಬಿಡೋದಿಲ್ಲ. ಅದರ ಜೊತೆ ಬರುವ ಹುಳದಿಂದ ಅಲ್ಲಿನ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ ಅನ್ನುವ ಭಯ.

ಅವರ ಕಣ್ಣು ಎದುರಿನ ಪರದೆಯ ನಕ್ಷೆಯ ಮೇಲೇ ಇತ್ತು. "ಅಮೆರಿಕ ಪಡುವಣಕ್ಕಲ್ವಾ? ಇದೇನಪ್ಪಾ ಮೂಡಣಕ್ಕೆ ಹೊರಟಿದೆ?"

ಒಳ್ಳೇ ಪ್ರಶ್ನೆ. ಎರಡೂ ಊರಿನ ನಡುವೆ ಗ್ಲೋಬಿನ ಮೇಲೆ ದಾರ ಎಳೆದು ಹಿಡಿದರೆ ಅದು ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಹತ್ತಿರದ ದಾರಿ ಅದೇ. ಆದರೆ ಟಿಬೆಟ್ ಮೇಲೆ ಹೋಗಲು ವಿಮಾನಗಳು ಹಿಂಜರಿಯುತ್ತವೆ. ಕ್ಯಾಬಿನ್ನಿನ ಗಾಳಿಯ ಒತ್ತಡ ಕಡಿಮೆಯಾದರೆ, ಜನ ಸಲೀಸಾಗಿ ಉಸಿರಾಡಲು ತಕ್ಷಣ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ!

ಇನ್ನೊಂದು ಕಾರಣ ಗಾಳಿ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಜಪಾನ್ ಆಚೆ ಪೆಸಿಫಿಕ್ ಮೇಲೆ ಅದರ ಜೋರು ಜಾಸ್ತಿ. ಬೆನ್ನ ಹಿಂದೆ ಇಂಥ ಗಾಳಿ ಸಿಕ್ಕರೆ ದಾರಿ ಉದ್ದವಾದರೂ ಹೊತ್ತು ಉಳಿಯುತ್ತದೆ. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಡಿಸಿ ಪೆಸಿಫಿಕ್ ಮೇಲೆ ಕಳಿಸಿದಾಗ ದೂರ ಸುಮಾರು 1,400 ಕಿ.ಮೀ. ಹೆಚ್ಚಾಯಿತು, ಸಮಯ ಎರಡು ಗಂಟೆಯಷ್ಟು ಕಡಿಮೆಯಾಯಿತು. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಗುವ "ಇಷ್ಟು ಕಿ.ಮೀ., ಇಷ್ಟು ಗಂಟೆ" ಅನ್ನುವ ಲೆಕ್ಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಮ್ಮ, "ಒಟ್ನಲ್ಲಿ ಗಾಳಿ ಬಂದ ಕಡೆ ತೂರಿಕೊಳ್ಳೋದು ಅನ್ನಿ" ಅಂದು ಕಂಬಳಿ ಹೊದ್ದು ಮಲಗಿದರು.

ಪೆಸಿಫಿಕ್ ಬಗ್ಗೆ ಬರೆಯಲು ಏನೂ ಇಲ್ಲ. ಕತ್ತಲು, ಆಮೇಲೆ ಮೋಡ. ನಡುವೆ ಎಲ್ಲೋ ದಿನರೇಖೆ ದಾಟಿ ತಾರೀಖು ಒಂದು ದಿನ ಹಿಂದಕ್ಕೆ ಹೋಯಿತು. ಇಳಿದಾಗ ಅಲ್ಲಿ ಅದೇ ದಿನದ ಸಂಜೆ. ಮಧ್ಯೆ ಒಂದು ರಾತ್ರಿ ಬಂದು ಹೋಗಿತ್ತು, ಕ್ಯಾಲೆಂಡರಿಗೆ ಮಾತ್ರ ಗೊತ್ತಿಲ್ಲ. ರನ್‌ವೇ ಕೊಲ್ಲಿಯ ನೀರಿಗೆ ಚಾಚಿಕೊಂಡಿರುವುದರಿಂದ ಕೊನೇ ಕ್ಷಣದವರೆಗೂ ಕಿಟಕಿಯಲ್ಲಿ ಬರೀ ನೀರು. ಅಮ್ಮ ಸೀಟಿನ ಕೈ ಬಿಗಿಯಾಗಿ ಹಿಡಿದಿದ್ದರು.

ಬರುವಾಗ ಕಥೆ ಉಲ್ಟಾ. ಪೆಸಿಫಿಕ್ ಮೇಲೆ ಬಂದರೆ ಅದೇ ಗಾಳಿ ಎದುರಾಗುತ್ತದೆ, ಅದಕ್ಕೇ ಬೇರೆ ದಾರಿ ಹುಡುಕುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಈ ನೇರ ಸೇವೆ ಶುರುವಾದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಮಹಿಳಾ ಪೈಲಟ್‌ಗಳ ತಂಡ ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿತ್ತು. ಸುಮಾರು 17 ಗಂಟೆಯ ಹಾರಾಟ. ಹೋಗುವಾಗ ಲಾಭವಾದ ದಿನವನ್ನು ಬರುವಾಗ ವಾಪಸ್ ಕೊಡಬೇಕು: ಶನಿವಾರ ರಾತ್ರಿ ಹತ್ತಿದರೆ ಇಳಿಯುವುದು ಸೋಮವಾರ ಬೆಳಗಿನ ಜಾವ. ಅವತ್ತೇ ಆಫೀಸಿಗೆ ಹೋಗ್ತೀನಿ ಅಂತ ಮಾತ್ರ ಯಾರಿಗೂ ಮಾತು ಕೊಡಬೇಡಿ.